ಹಳೇ ಬೋಟು ಕೊಳ್ಳುವ ಮುಂಚೆ ಮಧ್ಯಾಹ್ನದ ಮೇಲೆ ಓಡಿಸಿ ನೋಡಿ
18 ಅಡಿಯ ಹಳೇ ಫೈಬರ್ ಬೋಟು, ಅಮ್ಮ, ಇಬ್ಬರು ಮಕ್ಕಳು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆ ಹೋದರೆ ಮೈಕೈ ನೋವಾಗದೇ ಅಂತ ಕೇಳಿದ್ದೀರಿ. ಬೆಳಿಗ್ಗೆ ಟ್ರಯಲ್ ಅಂದರೆ ಒಪ್ಪಬೇಡಿ ಮಾರಾಯ್ರೆ. ಆಗ ಕಡಲು ತಟ್ಟೆಯಲ್ಲಿಟ್ಟ ನೀರು, ಯಾವ ಬೋಟೂ ಚೆಂದವೇ. ಮೂರರ ಮೇಲೆ ಪಡುಗಾಳಿ ಎದ್ದಾಗ ಅಲೆಗೆ ಎದುರಾಗಿ, ಅಡ್ಡವಾಗಿ ಓಡಿಸಿ. ಆಮೇಲೆ ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಸುಮ್ಮನೆ ಕೂತು, ಬೋಟು ಎಷ್ಟು ತೂಗುತ್ತದೆ ನೋಡಿ.

ದಡದಲ್ಲಿದ್ದಾಗಲೇ ಹಿಂದೆ ಬಗ್ಗಿ ತಳ ನೋಡಿ. ವಿ ಆಕಾರದ ಇಳಿಜಾರು ಹಿಂಬದಿಯಲ್ಲೂ 20 ಡಿಗ್ರಿ ಆಸುಪಾಸು ಇದ್ದರೆ ಅಲೆ ಸೀಳುತ್ತದೆ. ಚಪ್ಪಟೆ ತಳ ಬಡಿಯುತ್ತದೆ, ಸೊಂಟ ಲೆಕ್ಕ ಇಡುತ್ತದೆ. ಆದರೆ ಆಳದ ವಿ ನಿಂತಲ್ಲಿ ತೊಟ್ಟಿಲಿನ ಹಾಗೆ ತೂಗುತ್ತದೆ, ಪೆಟ್ರೋಲೂ ಜಾಸ್ತಿ. ಅಮ್ಮನಿಗೆ ವಾಂತಿ ಬರುವುದು ಆ ತೂಗಾಟಕ್ಕೇ. ಕೋಡಿಬೆಂಗ್ರೆ ಹಿನ್ನೀರಲ್ಲೇ ಸುತ್ತುವುದಾದರೆ ಚಪ್ಪಟೆಯೇ ಸಾಕು. ಎಲ್ಲಿ ಹೋದರೂ ಅಮ್ಮನಿಗೆ ಹಿಂದಿನ ಸೀಟು.

ಇನ್ನೊಂದು, ನಾನು ಬೇಸ್ತು ಬಿದ್ದದ್ದು: ಹಳೇ ಬೋಟಿನ ನೆಲದಡಿ ತೇಲಲೆಂದು ತುಂಬಿದ ಫೋಮ್ ನೀರು ಕುಡಿದಿದ್ದರೆ ಭಾರಕ್ಕೇ ಕುಲುಕದೆ ಮೆತ್ತಗೆ ಓಡುತ್ತದೆ. ‘ರೈಡ್ ಸೂಪರ್’ ಅಂತ ದುಡ್ಡು ಕೊಟ್ಟೆ. ಟ್ರೇಲರ್ ಸಮೇತ ವೇಬ್ರಿಡ್ಜ್‌ಗೆ ಹಾಕಿಸಿ, ಟ್ರೇಲರ್, ಇಂಜಿನ್, ಪೆಟ್ರೋಲ್ ತೂಕ ಕಳೆದು, ಕಂಪನಿ ಹೇಳಿದ ಖಾಲಿ ಬೋಟಿನ ತೂಕಕ್ಕೆ ಹೋಲಿಸಿಯೇ ಅಡ್ವಾನ್ಸ್ ಕೊಡಿ.