ಇಲ್ಲದ ಪಾದ ನೋಯುತ್ತದೆ ಎಂದು ಮನೆಯಲ್ಲಿ ಹೇಳಿ

ಗಂಗಾವತಿ ಕಡೆಯಿಂದ ಬಂದ ಕಾಗದ ಇದು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಬರೆದವರು ಅದಿರು ಲಾರಿ ಓಡಿಸುತ್ತಿದ್ದವರು. ಹೋದ ವರ್ಷ ಹೆದ್ದಾರಿಯಲ್ಲಿ ಅಪಘಾತವಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಈಗ ಕೃತಕ ಕಾಲು ಹಾಕಿಕೊಂಡು ನಡೆಯುತ್ತಾರೆ. ಕೆಲವು ಸಾಲು ಅವರ ಮಾತಿನಲ್ಲೇ ಕೊಡುತ್ತೇನೆ:

"ಯಾವಾಗ್ಲೂ ಪ್ಯಾಂಟು, ಬೂಟು ಹಾಕ್ಕೊಂಡೇ ಇರ್ತೀನ್ರಿ. ಕಾಲಾಗಿಂದು ಬಿಚ್ಚಬೇಕಾಗ್ತದಂತ ಹುಲಿಗೆಮ್ಮನ ಗುಡಿಗೆ ಹೋಗೋದೇ ಬಿಟ್ಟೀನಿ. ಗವಿಮಠದ ಜಾತ್ರಿಗೂ ಹೋಗಲಿಲ್ಲ. ರಾತ್ರಿ ಇಲ್ಲದ ಪಾದ ಉರೀತದ, ಹೆಬ್ಬೆರಳು ಯಾರೋ ತಿರುವಿದಂಗ ಆಗ್ತದ. ಮನ್ಯಾಗ ಹೇಳಿಲ್ಲ, ತಲಿ ಕೆಟ್ಟದ ಅಂತಾರ. ಹೇಳಬೇಕೋ, ಸುಮ್ನ ಇರಬೇಕೋ? ಒಮ್ಮೊಮ್ಮೆ ಯಾಕ ಬದುಕಬೇಕು ಅನಸ್ತದ."

ಹೇಳಬೇಕು. ಯಾಕೆ, ಯಾರಿಗೆ, ಎಷ್ಟು ಅನ್ನುವುದನ್ನು ಮುಂದೆ ಬರೆಯುತ್ತೇನೆ. ಮೊದಲು ಪಾದದ ವಿಷಯ.

ನಿಮ್ಮ ತಲೆ ಕೆಟ್ಟಿಲ್ಲ. ಕೈ ಕಾಲು ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಈ ನೋವು ಬರುತ್ತದೆ. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿಗೆಂದು ಇದ್ದ ಜಾಗ ಹಾಗೇ ಉಳಿದಿರುತ್ತದೆ, ಕತ್ತರಿಸಿದ ನರದ ತುದಿಗಳಿಂದಲೂ ಏನೇನೋ ಸಂದೇಶ ಹೋಗುತ್ತಿರುತ್ತದೆ, ಮಿದುಳು ಅದನ್ನೆಲ್ಲ ಪಾದದ ನೋವು ಎಂದೇ ತಿಳಿದುಕೊಳ್ಳುತ್ತದೆ. ಪಾದ ಇಲ್ಲ, ಆದರೆ ನೋವು ನಿಜವಾಗಿಯೂ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈ ಕಾಲು ಕಳೆದುಕೊಂಡ ಸೈನಿಕರನ್ನು ನೋಡಿಕೊಂಡಿದ್ದ ಸೈಲಾಸ್ ವಿಯರ್ ಮಿಚೆಲ್ ಎಂಬ ವೈದ್ಯ 1871ರಲ್ಲೇ ಇದಕ್ಕೆ 'ಫ್ಯಾಂಟಮ್ ಲಿಂಬ್', ಅಂದರೆ ಭೂತದಂಥ ಅಂಗ, ಎಂದು ಹೆಸರಿಟ್ಟಿದ್ದ. ಮದ್ರಾಸಿನಲ್ಲಿ ವೈದ್ಯಕೀಯ ಓದಿದ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಒಂದು ಕನ್ನಡಿಯ ಉಪಾಯ ಕಂಡುಹಿಡಿದರು. ಎರಡು ಕಾಲಿನ ನಡುವೆ ಉದ್ದನೆಯ ಕನ್ನಡಿ ಇಟ್ಟು ಇರುವ ಕಾಲನ್ನು ನಿಧಾನಕ್ಕೆ ಆಡಿಸಿದರೆ, ಹೋದ ಕಾಲೇ ಆಡಿದಂತೆ ಕಾಣುತ್ತದೆ. ಇದರಿಂದ ಕೆಲವರಿಗೆ ನೋವು ಇಳಿಯುತ್ತದೆ, ಎಲ್ಲರಿಗೂ ಅಲ್ಲ. ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಗುಳಿಗೆ ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ಆದರೆ ಇದೆಲ್ಲ ಸಿಗಬೇಕೆಂದರೆ ನೀವು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಎಕ್ಸ್‌ರೇಯಲ್ಲಿ ಈ ನೋವು ಕಾಣುವುದಿಲ್ಲ.

ಇನ್ನು ನಿಮ್ಮ ಹೆಂಡತಿ. ಕಾಲಿಲ್ಲದ್ದು ಅವರಿಗೆ ಗೊತ್ತು, ಅಲ್ವಾ? ಗೊತ್ತಿಲ್ಲದ್ದು ನೀವು ರಾತ್ರಿ ಯಾಕೆ ಎದ್ದು ಕೂರುತ್ತೀರಿ, ಬೆಳಗ್ಗೆ ಯಾಕೆ ಮಾತಾಡುವುದಿಲ್ಲ ಅನ್ನುವುದು. ನೀವು ಹೇಳದಿದ್ದರೆ ಅವರು ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ. ತನ್ನ ಮೇಲೇ ಸಿಟ್ಟು ಇರಬೇಕು ಅಂದುಕೊಂಡರೂ ಅಂದುಕೊಂಡಾರು. ದೊಡ್ಡ ಮಾತೇನೂ ಬೇಡ. ನೋವು ಬಂದ ಹೊತ್ತಿಗೇ ಎಬ್ಬಿಸಿ, "ಹೆಬ್ಬೆರಳು ನೋಯ್ತದ, ಇಲ್ಲದ್ದು" ಅನ್ನಿ. ಹೇಗೆ ಶುರು ಮಾಡಬೇಕೋ ತಿಳಿಯದಿದ್ದರೆ ಈ ಪುಟವನ್ನೇ ಓದಲು ಕೊಡಿ.

ಕಾಗದದ ಕೊನೆಯ ಸಾಲನ್ನೂ ಅವರಿಗೆ ಹೇಳಿ. ಅದನ್ನು ನೀವು ಸುಮ್ನೆ ಬರೆದಿರಿ ಎಂದು ನಾನು ಅಂದುಕೊಂಡಿಲ್ಲ. ಆ ಯೋಚನೆ ಮತ್ತೆ ಬಂದರೆ ಒಬ್ಬರೇ ಇರಬೇಡಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದಿ ಮುಗಿಸುವ ಮೊದಲೇ ನಂಬರನ್ನು ಮೊಬೈಲಿನಲ್ಲಿ ಹಾಕಿಕೊಳ್ಳಿ.

ಗುಡಿಯ ಮಾತಿಗೆ ಬರೋಣ. ಕಾಗದದಲ್ಲಿ ನನಗೆ ಹೆಚ್ಚು ಸಂಕಟ ತಂದದ್ದು ಅದೇ. ನಮ್ಮ ಕಡೆ ಮನೆಗೆ ಹೋದರೂ, ಮಠಕ್ಕೆ ಹೋದರೂ, ಊಟಕ್ಕೆ ಕೂತರೂ ಬರಿಗಾಲು. ಬೂಟು ಬಿಚ್ಚಲಾರದ ಮನುಷ್ಯ ಒಂದೊಂದೇ ಮನೆಗೆ ಹೋಗುವುದನ್ನು ಬಿಡುತ್ತಾನೆ, ಕೊನೆಗೆ ಊರೇ ತಪ್ಪಿಹೋಗುತ್ತದೆ. ಜೈಪುರದಲ್ಲಿ 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನ ಪಾದ ಮಾಡಿದ್ದು ಈ ಕಷ್ಟ ನೋಡಿಯೇ. ಹೊರದೇಶದ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕಿತ್ತು, ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲೂ ಆಗುತ್ತಿರಲಿಲ್ಲ. ಜೈಪುರ ಪಾದದಲ್ಲಿ ಬೆರಳಿನ ಆಕಾರ ಇದೆ, ಬರಿಗಾಲಲ್ಲೇ ನಡೆಯಬಹುದು, ಗದ್ದೆಯ ಕೆಸರಿಗೂ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂತು ಉಣ್ಣಬಹುದು. ನಿಮಗೆ ಕೊಟ್ಟಿರುವುದು ಯಾವ ಪಾದ, ಬೂಟಿಲ್ಲದೆ ನಡೆಯಬಹುದಾ ಎಂದು ಕಾಲು ಮಾಡಿಕೊಟ್ಟವರನ್ನೇ ಕೇಳಿ. ಆಗುತ್ತದೆ ಎಂದರೆ ಜಾತ್ರೆಯವರೆಗೆ ಕಾಯಬೇಡಿ. ಜನ ಕಡಿಮೆ ಇರುವ ದಿನ ನೋಡಿ ಹುಲಿಗಿಗೆ ಹೋಗಿಬನ್ನಿ. ಯಾರಾದರೂ ನೋಡುತ್ತಾರೆ, ನೋಡಲಿ.

ಹಾಗಂತ ಎಲ್ಲರಿಗೂ ಎಲ್ಲವನ್ನೂ ಹೇಳುವ ಸಾಲ ನಿಮ್ಮ ಮೇಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಏನಾಯ್ತು, ಪರಿಹಾರ ಎಷ್ಟು ಬಂತು ಎಂದು ಶುರು ಮಾಡಿದರೆ, "ಅಪಘಾತ ಆಯ್ತ್ರಿ, ಈಗ ಆರಾಮ ಅದೀನಿ" ಅಂದು ಕಿಟಕಿ ಕಡೆ ತಿರುಗಿ. ಹಿಂದಿನ ಜನ್ಮದ ಕರ್ಮ ಅನ್ನುವವರ ಜೊತೆ ವಾದ ಬೇಡ, ಆ ಮಾತನ್ನು ಮನಸ್ಸಿಗೂ ಹಚ್ಚಿಕೊಳ್ಳಬೇಡಿ. ಅದು ರಸ್ತೆಯಲ್ಲಿ ಆದ ಅಪಘಾತ. ಇನ್ನು ಕೆಲವರು ಸುಮಿತ್ ಅಂತಿಲ್ ವಿಡಿಯೊ ಕಳಿಸುತ್ತಾರೆ. 2015ರಲ್ಲಿ ಬೈಕ್ ಅಪಘಾತದಲ್ಲಿ ಅವರದೂ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು, ಆಮೇಲೆ ಟೋಕಿಯೊ, ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಜಾವೆಲಿನ್ ಚಿನ್ನ ಗೆದ್ದರು. ದೊಡ್ಡ ಸಾಧನೆ. ಆದರೆ ನೀವು ಭರ್ಚಿ ಎಸೆಯಬೇಕಿಲ್ಲ. ಸಂತೆಗೆ ಹೋಗಿ ಕಾಯಿಪಲ್ಯೆ ತಂದರೆ ಸಾಕು, ನನಗೆ ಅದೇ ಖುಷಿ.

ನಿಮಗೆ ಈಗ ತುಂಬಾ ಬೇಕಾಗಿರುವುದು ನಿಮ್ಮಂತೆಯೇ ಕಾಲು ಕಳೆದುಕೊಂಡ ಇನ್ನೊಬ್ಬ ಮನುಷ್ಯ. ಅವರ ಹತ್ತಿರ ಏನನ್ನೂ ವಿವರಿಸಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಕೆಟ್, ಅಂದರೆ ಉಳಿದ ಕಾಲು ಕೂರುವ ಬಟ್ಟಲು, ಸಡಿಲಾದರೆ ಇನ್ನೊಂದು ಕಾಲುಚೀಲ ಏರಿಸಬೇಕು, ನಮ್ಮ ಬೇಸಿಗೆಯ ಬೆವರಿಗೆ ನಡುನಡುವೆ ಬಿಚ್ಚಿ ಒರೆಸಿಕೊಳ್ಳಬೇಕು, ಉಳಿದ ಕಾಲಿನ ತುದಿಯನ್ನು ಬೆಳಗ್ಗೆಗಿಂತ ರಾತ್ರಿ ತೊಳೆದು ಒಣಗಿಸುವುದು ಒಳ್ಳೆಯದು, ಕೆಂಪಾದರೆ ಹುಣ್ಣಾಗುವ ಮೊದಲೇ ತೋರಿಸಬೇಕು, ಇಂಥದ್ದನ್ನೆಲ್ಲ ಅವರು ಚಹಾ ಕುಡಿಯುತ್ತಾ ಹೇಳಿಬಿಡುತ್ತಾರೆ. ಮೊದಲ ವರ್ಷದಲ್ಲಿ ಕಾಲಿನ ಗಾತ್ರ ಇಳಿಯುತ್ತಲೇ ಇರುತ್ತದೆ, ಹಳೆಯ ಸಾಕೆಟ್ ಕೂರುವುದಿಲ್ಲ, ಅದು ನಿಮ್ಮ ತಪ್ಪಲ್ಲ ಅನ್ನುವುದೂ ಅವರಿಗೆ ಗೊತ್ತಿರುತ್ತದೆ. ಎಲ್ಲಿ ಹುಡುಕಲಿ ಎಂದರೆ, ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ಕಾರ್ಯಕರ್ತರನ್ನು ಕೇಳಿ. ವಿ.ಆರ್.ಡಬ್ಲ್ಯೂ. ಯಾರು ಎಂದು ಕೇಳಿದರೆ ಪಂಚಾಯಿತಿಯಲ್ಲಿ ತೋರಿಸುತ್ತಾರೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇನ್ನೂ ಆಗಿಲ್ಲದಿದ್ದರೆ ಅದಕ್ಕೂ ಅವರೇ ದಾರಿ ಹೇಳುತ್ತಾರೆ.

ಓದುಗರಲ್ಲಿ ಕೈ ಅಥವಾ ಕಾಲು ಕಳೆದುಕೊಂಡವರು ಇದ್ದೇ ಇರುತ್ತೀರಿ. ಗಣಿಯಲ್ಲೋ, ಅಕ್ಕಿ ಗಿರಣಿಯಲ್ಲೋ, ಸಕ್ಕರೆ ಕಾಯಿಲೆಯಿಂದಲೋ. ಇವರಿಗೆ ಒಂದು ಕಾಗದ ಬರೆಯಿರಿ, ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾವು ತಲುಪಿಸುತ್ತೇವೆ. ಧೈರ್ಯ ಹೇಳುವುದು ಬೇಡ. ಮೊದಲ ಸಲ ಯಾರ ಮುಂದೆ ಕೃತಕ ಕಾಲು ಬಿಚ್ಚಿದಿರಿ, ರಾತ್ರಿ ನೋವು ಬಂದಾಗ ಏನು ಮಾಡುತ್ತೀರಿ, ಅಷ್ಟು ಬರೆದರೆ ಸಾಕು.