ಡಾಕ್ಟರ್ ಹೇಳಿದ್ದು ಅರ್ಥವಾಗದಿದ್ದರೆ ಮತ್ತೆ ಕೇಳಬಹುದಾ?

ಧಾರಾಳವಾಗಿ ಕೇಳಿ. ಅರ್ಥವಾಗದೆ ಸುಮ್ನೆ ತಲೆಯಾಡಿಸಿ ಬರುವುದೇ ಅಪಾಯ. ಡಾಕ್ಟರ್ ಹೇಳಿದ್ದರಲ್ಲಿ ಶೇ. 40ರಿಂದ 80ರಷ್ಟು ಆಗಲೇ ಮರೆತುಹೋಗುತ್ತದೆ ಎಂದು ಸಂಶೋಧಕ ರಾಯ್ ಕೆಸೆಲ್ಸ್ 2003ರಲ್ಲೇ ಬರೆದಿದ್ದಾರೆ. ಗಾಬರಿಯಲ್ಲಿದ್ದರಂತೂ ಇನ್ನೂ ಜಾಸ್ತಿ. ಹಾಗಾಗಿ ಮತ್ತೆ ಕೇಳುವುದು ದಡ್ಡತನ ಅಲ್ಲವೇ ಅಲ್ಲ.

ನನಗೆ ತುಂಬಾ ಉಪಯೋಗಕ್ಕೆ ಬಂದ ದಾರಿ ಒಂದಿದೆ. ಎದ್ದು ಹೊರಡುವ ಮುಂಚೆ, "ನನಗೆ ಅರ್ಥವಾಗಿದ್ದು ಹೇಳ್ತೀನಿ, ತಪ್ಪಿದ್ರೆ ತಿದ್ದಿ ಡಾಕ್ಟ್ರೇ" ಎಂದು ನಮ್ಮ ಮಾತಲ್ಲೇ ಹೇಳಿಬಿಡುವುದು. "ಈ ಮಾತ್ರೆ ದಿನಕ್ಕೆ ಮೂರು ಸಲ, ಊಟ ಆದ್ಮೇಲೆ, ಅಲ್ವಾ?" ಅಂದರೆ, "ಇಲ್ಲ, ಎಂಟು ಗಂಟೆಗೊಮ್ಮೆ, ಖಾಲಿ ಹೊಟ್ಟೆಗೆ" ಎಂಬ ಉತ್ತರ ಬರಬಹುದು. ತಪ್ಪು ಅಲ್ಲೇ ಸರಿಹೋಯಿತು. ವೈದ್ಯರ ತರಬೇತಿಯಲ್ಲಿ ಇದಕ್ಕೆ 'ಟೀಚ್-ಬ್ಯಾಕ್' ಎನ್ನುತ್ತಾರೆ. ನಿಜವಾಗಿ ನೋಡಿದರೆ ಇದನ್ನು ಅವರೇ ನಮ್ಮಿಂದ ಹೇಳಿಸಬೇಕು.

ಪದಗಳ ಅರ್ಥವನ್ನೂ ಕೇಳಿ. ರಿಪೋರ್ಟ್ 'ನೆಗೆಟಿವ್' ಅಂದರೆ ಹುಡುಕಿದ್ದು ಸಿಕ್ಕಿಲ್ಲ ಎಂದು. ಕೆಟ್ಟ ಸುದ್ದಿ ಅಂದುಕೊಂಡು ಹೆದರುವವರಿದ್ದಾರೆ.

ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ, ಮುಖ್ಯವಾದದ್ದು ಮೇಲೆ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಹೆಸರೂ ಅದರಲ್ಲೇ ಇರಲಿ.