ಚೀಲ ಹೊತ್ತು ನಡೆದ ಹಮಾಲರು ಮಾಡಿದ ಕೆಲಸ ಸೊನ್ನೆ ಎನ್ನುವುದು ಹೇಗೆ ಸರಿ?

ಸಮತಟ್ಟಾದ ನೆಲದ ಮೇಲೆ 50 ಕಿಲೋ ಚೀಲ ಹೊತ್ತು ನಡೆದ ಹಮಾಲರು ಮಾಡಿದ ಕೆಲಸ ಸೊನ್ನೆ ಎಂದು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಹಾಗಿದ್ದರೆ ಅವರಿಗೆ ಬೆವರು ಸುರಿಯುವುದೇಕೆ ಎಂದು ಕೇಳಿದ್ದೀರಿ. ಪಿಯುಸಿ ಓದುವಾಗ ರಜೆಯಲ್ಲಿ ನಾನು ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ, ಲಾರಿಗೆ ಏರುವ ಮೆಕ್ಕೆಜೋಳದ ಚೀಲಗಳನ್ನು ಎಣಿಸಿ ಬರೆಯುತ್ತಿದ್ದೆ. ಈ ಪ್ರಶ್ನೆ ಅಲ್ಲಿಯೇ ನನ್ನನ್ನೂ ಕಾಡಿತ್ತು, ಅಂಗಡಿಯ ಲೆಕ್ಕದ ಪುಸ್ತಕವೇ ಅದನ್ನು ಬಿಡಿಸಿಕೊಟ್ಟಿತು ಎಂದರೂ ತಪ್ಪಲ್ಲ.

ಭೌತಶಾಸ್ತ್ರದಲ್ಲಿ ಕೆಲಸವೆಂದರೆ ಬಲವನ್ನು, ಆ ಬಲದ ದಿಕ್ಕಿನಲ್ಲಿ ಆದ ಸ್ಥಾನಪಲ್ಲಟದಿಂದ ಗುಣಿಸಿದಾಗ ಬರುವ ಗುಣಲಬ್ಧ. ಹಮಾಲರ ಹೆಗಲು ಚೀಲವನ್ನು ಮೇಲಕ್ಕೆ ಸುಮಾರು 490 ನ್ಯೂಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ, ಚೀಲ ಸಾಗುವುದು ಮಾತ್ರ ಅಡ್ಡಲಾಗಿ. ಎರಡರ ನಡುವೆ 90 ಡಿಗ್ರಿ ಕೋನವಿರುವುದರಿಂದ ಗುಣಲಬ್ಧ ಸೊನ್ನೆ. ಹೊರಡುವಾಗ ಚೀಲಕ್ಕೆ ಸೆಕೆಂಡಿಗೆ ಒಂದು ಮೀಟರ್ ವೇಗ ಕೊಡಲು 25 ಜೌಲ್ ಬೇಕಾಗುತ್ತದೆ, ನಿಜ. ಆದರೆ ನಿಲ್ಲುವಾಗ ಅಷ್ಟೇ ಚಲನಶಕ್ತಿಯನ್ನು ಚೀಲದಿಂದ ಕಳೆಯಬೇಕಾಗುವುದರಿಂದ ಕೊನೆಯಲ್ಲಿ ಅದೂ ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಈ ಲೆಕ್ಕ ಬರೆದಿರುವುದು ಚೀಲದ ಹೆಸರಿನ ಖಾತೆಯಲ್ಲಿ. ಹಮಾಲರ ಖಾತೆಯಲ್ಲಿ ಅಲ್ಲ. ಚೀಲಕ್ಕೆ ಎಷ್ಟು ಶಕ್ತಿ ಜಮಾ ಆಯಿತು ಎಂಬುದನ್ನಷ್ಟೇ 'ಕೆಲಸ' ಹೇಳುತ್ತದೆ, ಅದಕ್ಕಾಗಿ ಹೊತ್ತವರ ಮೈಯಿಂದ ಎಷ್ಟು ಖರ್ಚಾಯಿತು ಎಂಬುದನ್ನು ಹೇಳುವುದಿಲ್ಲ. 1829ರಲ್ಲಿ ಫ್ರಾನ್ಸಿನ ವಿಜ್ಞಾನಿ ಕೊರಿಯೊಲಿಸ್ ಈ ಅರ್ಥದಲ್ಲಿ 'ಕೆಲಸ' ಎಂಬ ಪದವನ್ನು ಬಳಕೆಗೆ ತಂದಾಗ ಎದುರಿಗಿದ್ದದ್ದು ಯಂತ್ರಗಳ ಲೆಕ್ಕ, ಮನುಷ್ಯರ ಮೈನೋವಲ್ಲ. ದಿನಬಳಕೆಯ ಮಾತನ್ನೇ ಪಾರಿಭಾಷಿಕ ಪದವಾಗಿ ಎತ್ತಿಕೊಂಡದ್ದರಿಂದ ಈ ಗೊಂದಲ ಹುಟ್ಟಿದೆ ಎಂಬುದು ನನ್ನ ಅನಿಸಿಕೆ.

ಇನ್ನು ಹಮಾಲರ ಖಾತೆ. ಅದೇ ಚೀಲವನ್ನು ಕಲ್ಲುಕಂಬದ ಮೇಲಿಟ್ಟರೆ ಕಂಬಕ್ಕೆ ದಣಿವಿಲ್ಲ, ಏಕೆಂದರೆ ಕಲ್ಲಿನ ಕಣಗಳು ಒಮ್ಮೆ ಒತ್ತಿಕೊಂಡು ಹಾಗೆಯೇ ನಿಂತುಬಿಡುತ್ತವೆ. ಸ್ನಾಯುವಿಗೆ ಆ ಸೌಲಭ್ಯವಿಲ್ಲ. ಅದರೊಳಗಿನ ಮಯೋಸಿನ್ ಎಂಬ ಪ್ರೋಟೀನಿನ ಸೂಕ್ಷ್ಮ ಕೊಂಡಿಗಳು ಆಕ್ಟಿನ್ ಎಳೆಗಳನ್ನು ಹಿಡಿದೆಳೆದು, ಬಿಟ್ಟು, ಮತ್ತೆ ಹಿಡಿಯುತ್ತಲೇ ಇರಬೇಕು. ಪ್ರತಿ ಸುತ್ತಿಗೂ ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಖರ್ಚಾಗುತ್ತದೆ. ಚೀಲ ಒಂದು ಇಂಚೂ ಮೇಲೇರದಿದ್ದರೂ ಒಳಗೆ ಈ ಎಳೆದಾಟ ನಡೆದೇ ಇರುತ್ತದೆ, ಅದರ ಶಕ್ತಿಯೆಲ್ಲ ಶಾಖವಾಗಿ ಹೊರಬೀಳುತ್ತದೆ. ಆ ಶಾಖವನ್ನು ಮೈಯಿಂದ ಕಳೆಯಲು ಬರುವುದೇ ಬೆವರು. ಇದರ ಜೊತೆಗೆ ನಡಿಗೆಯಲ್ಲಿ ಮೈಯೂ ಚೀಲವೂ ಹೆಜ್ಜೆಹೆಜ್ಜೆಗೆ ತುಸು ಮೇಲೆದ್ದು ಕೆಳಗಿಳಿಯುತ್ತವೆ. ಮೂರು ಸೆಂಟಿಮೀಟರ್ ಎಂದಿಟ್ಟುಕೊಂಡರೂ ಚೀಲದ ಪಾಲಿಗೆ ಹೆಜ್ಜೆಗೆ ಸುಮಾರು 15 ಜೌಲ್. ಇಳಿಯುವಾಗ ಅದು ಚೀಲದ ಖಾತೆಯಿಂದ ವಜಾ ಆಗುತ್ತದೆಯೇ ಹೊರತು ಅದರ ಬಹುಪಾಲು ಸ್ನಾಯುವಿಗೆ ವಾಪಸು ಬರುವುದಿಲ್ಲ. ನಮ್ಮ ಅಂಗಡಿಯ ಹಿರಿಯ ಹಮಾಲರು ಮೊಣಕಾಲನ್ನು ತುಸು ಬಗ್ಗಿಸಿ, ಗಿಡ್ಡ ಹೆಜ್ಜೆಯಲ್ಲಿ ಚೀಲ ಕುಲುಕದಂತೆ ಸರಸರನೆ ನಡೆಯುತ್ತಿದ್ದದ್ದು ಏಕೆಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಲಾರಿಗೆ ಹಾಕಿದ ಹಲಗೆಯನ್ನು ಏರುವಾಗ ಮಾತ್ರ ಪಠ್ಯಪುಸ್ತಕವೂ ಕೆಲಸವನ್ನು ಒಪ್ಪುತ್ತದೆ. ಲಾರಿಯ ತಳ 1.2 ಮೀಟರ್ ಎತ್ತರದಲ್ಲಿದ್ದರೆ ಚೀಲಕ್ಕೆ 588 ಜೌಲ್ ಪ್ರಚ್ಛನ್ನ ಶಕ್ತಿ ಸೇರುತ್ತದೆ. ಹಲಗೆ ಉದ್ದವಾಗಿದ್ದರೆ ಏರು ಹಗುರ, ದಾರಿ ಮಾತ್ರ ದೂರ, ಮೊತ್ತ ಬದಲಾಗದು. 60 ಕಿಲೋ ತೂಕದ ಹಮಾಲರು ತಮ್ಮ ಮೈಯನ್ನೂ ಏರಿಸಿಕೊಳ್ಳಬೇಕಾದ್ದರಿಂದ ಒಂದು ಏರಿಗೆ ಒಟ್ಟು ಸುಮಾರು 1,300 ಜೌಲ್. ಈಗ ನಮ್ಮೂರ ಬೆಣ್ಣೆ ದೋಸೆಯ ಮೇಲಿನ ಬೆಣ್ಣೆಯಲ್ಲಿ 10 ಗ್ರಾಂ ತೆಗೆದುಕೊಳ್ಳಿ: ಅದರಲ್ಲಿ ಸುಮಾರು 3 ಲಕ್ಷ ಜೌಲ್ ಶಕ್ತಿಯಿದೆ. ಸ್ನಾಯುಗಳು ಹೆಚ್ಚೆಂದರೆ ಅದರ ಕಾಲು ಭಾಗವನ್ನು ಕೆಲಸವಾಗಿ ಪರಿವರ್ತಿಸುತ್ತವೆ ಎಂದರೂ 55ಕ್ಕೂ ಹೆಚ್ಚು ಬಾರಿ ಲಾರಿ ಏರಬಹುದು! ಅಷ್ಟು ಬೆಣ್ಣೆ ತಿಂದು 55 ಚೀಲ ತುಂಬಿಸಿದವರನ್ನು ನಾನು ಕಂಡಿಲ್ಲ. ಹೊತ್ತು ನಿಲ್ಲುವುದು, ನಡೆಯುವುದು, ಬರಿಗೈಯಲ್ಲಿ ಹಿಂದಿರುಗುವುದು, ಹೀಗೆ ಪುಸ್ತಕ ಸೊನ್ನೆ ಹಾಕಿದ ಕಡೆಯಲ್ಲೆಲ್ಲ ಖರ್ಚು ಇದ್ದೇ ಇದೆ.

ಆದ್ದರಿಂದ ಪರೀಕ್ಷೆಯಲ್ಲಿ 'ಹಮಾಲರು ಕೆಲಸ ಮಾಡಲಿಲ್ಲ' ಎಂದು ಬರೆಯಬೇಡಿ, 'ಗುರುತ್ವಬಲದ ವಿರುದ್ಧ ಚೀಲದ ಮೇಲೆ ನಡೆದ ಕೆಲಸ ಸೊನ್ನೆ' ಎಂದು ಬರೆಯಿರಿ. ಅಂಕವೂ ಬರುತ್ತದೆ, ಮಾತೂ ಸರಿಯಾಗಿರುತ್ತದೆ. ಅಂದಹಾಗೆ, ಅದೇ ಚೀಲವನ್ನು ಲಾರಿಯಿಂದ ಮೆಲ್ಲನೆ ಇಳಿಸಿದರೆ ಹಮಾಲರು ಮಾಡಿದ ಕೆಲಸ ಋಣ 588 ಜೌಲ್, ಅಂದರೆ ತುಂಬಿ ಇಳಿಸಿದ್ದರ ಒಟ್ಟು ಮೊತ್ತ ಮತ್ತೆ ಸೊನ್ನೆ. ನಮ್ಮ ಅಂಗಡಿಯಲ್ಲಿ ಮಾತ್ರ ತುಂಬುವುದಕ್ಕೂ ಇಳಿಸುವುದಕ್ಕೂ ಬೇರೆಬೇರೆಯಾಗಿ ಕೂಲಿ ಬರೆಯುತ್ತಿದ್ದರು.